ಬಸ್ ಸ್ಟಾಪು ಸಂವಿಧಾನದಲ್ಲಿದೆ, ಕಾರ್ಪೊರೇಟರ್ ಎಲ್ಲಿದ್ದರು ಸ್ವಾಮಿ?

ಯಲಹಂಕ ಹಳೇ ಊರಿನಲ್ಲಿ ಒಂದು ದಿನಸಿ ಅಂಗಡಿ. ಯಜಮಾನರ ಹೆಸರು ಬೇಡ. ಇಂಥ ಅಂಗಡಿ ಹೆಬ್ಬಾಳದಲ್ಲೂ ಉಂಟು, ಆರ್.ಟಿ. ನಗರದಲ್ಲೂ ಉಂಟು. ಒಂದು ಮನೆಯ ಕಥೆ ಅಂತ ಓದಬೇಡಿ, ಹತ್ತು ಮನೆಯ ಕಥೆ ಒಂದೇ ಅಂಗಡಿಯಲ್ಲಿ ಕೂಡಿಸಿ ಹೇಳಿದ್ದು ಇದು.

ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯಬೇಕು. ಹಾಲಿನ ಕ್ರೇಟು ಇಳಿಸಬೇಕು. ಯಶವಂತಪುರ ಯಾರ್ಡಿನಿಂದ ಬಂದ ಬೇಳೆ ಮೂಟೆ ಬಿಚ್ಚಬೇಕು. ಇಷ್ಟರಲ್ಲಿ ಮೆಜೆಸ್ಟಿಕ್ ಬಸ್ಸಿಗೆ ಹೋಗುವ ಗಿರಾಕಿಗಳು ಬಂದು ನಿಲ್ಲುತ್ತಾರೆ. ಚಿಲ್ಲರೆ ಎಣಿಸಿ ಕೊಡುವ ಹೊತ್ತಿಗೆ ಕೇಳುತ್ತಾರೆ:

"ಮಗಳು ಏನ್ ಓದ್ತಾ ಇದಾಳೆ ಯಜಮಾನ್ರೆ?"

"ಬಿ.ಎ. ಸ್ವಾಮಿ."

"ಏನ್ ತಗೊಂಡಿದಾಳೆ?"

"ರಾಜ್ಯಶಾಸ್ತ್ರ."

ಒಂದು ಗಳಿಗೆ ಮೌನ. ಆಮೇಲೆ ನಗು. "ಓಹೋ! ಮಗಳನ್ನ ಎಲೆಕ್ಷನ್‌ಗೆ ನಿಲ್ಲಿಸ್ತೀರಾ ಹಾಗಾದ್ರೆ?"

ಯಜಮಾನರೂ ನಗುತ್ತಾರೆ. ನಗದೆ ಏನು ಮಾಡೋದು? ಪಕ್ಕದ ಬೇಕರಿಯವರ ಮಗ ಇಂಜಿನಿಯರಿಂಗು. ಎದುರುಗಡೆ ಬಟ್ಟೆ ಅಂಗಡಿಯವರ ಮಗಳು ಬಿ.ಕಾಂ. ಮುಗಿಸಿ ಆಡಿಟರ್ ಆಫೀಸು ಸೇರಿದ್ದಾಳೆ. ತಮ್ಮ ಮಗಳು ಓದುತ್ತಿರುವುದು ಯಾವ ಉಪಯೋಗಕ್ಕೆ ಎಂಬುದು ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಾಗಲು ಐದು ವರ್ಷ ಬೇಕಾಯಿತು. ಆ ಐದು ವರ್ಷದ ಲೆಕ್ಕವೇ ಈ ಬರಹ.

ಉಳಿದವರ ವಿಷಯ?

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕಬೇಕು. ರಾಜ್ಯಶಾಸ್ತ್ರ ಅಂದರೆ ರಾಜಕೀಯ ಅಲ್ಲ. ಅಂಗಡಿಯವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ವ್ಯಾಪಾರ ಮಾಡುವುದು ಒಂದು ಕೆಲಸ, ತಕ್ಕಡಿ ಸರಿಯಾಗಿದೆಯೇ, ತೂಕದ ಬಟ್ಟಿಗೆ ಮುದ್ರೆ ಬಿದ್ದಿದೆಯೇ ಎಂದು ನೋಡುವುದು ಇನ್ನೊಂದು ಕೆಲಸ. ರಾಜಕಾರಣಿ ವ್ಯಾಪಾರ ಮಾಡುತ್ತಾನೆ. ರಾಜ್ಯಶಾಸ್ತ್ರ ಓದಿದವರು ತಕ್ಕಡಿ ನೋಡುತ್ತಾರೆ. ಯಾರಿಗೆ ಅಧಿಕಾರ, ಎಷ್ಟು ಅಧಿಕಾರ, ಎಷ್ಟು ದಿನ, ತಪ್ಪಿದರೆ ಕೇಳುವವರು ಯಾರು? ಇಷ್ಟೇ ಈ ಶಾಸ್ತ್ರದ ಹೂರಣ.

ಆದರೆ ಇದನ್ನು ಓದಲು ಬರುವವರಲ್ಲಿ ಹೆಚ್ಚಿನವರು ಬೇಕೆಂದು ಬಂದವರಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಕೈಗೆ ಬಂದ ದಿನವೇ ಜಾತಕ ನಿರ್ಧಾರವಾಗುತ್ತದೆ. ತೊಂಬತ್ತು ಬಂದರೆ ಸೈನ್ಸು. ಎಪ್ಪತ್ತು ಬಂದರೆ ಕಾಮರ್ಸು. ಅದಕ್ಕಿಂತ ಕೆಳಗೆ ಬಂದರೆ "ಆರ್ಟ್ಸ್ ಇದ್ದೇ ಇದೆಯಲ್ಲ!" ಪಿಯುಸಿಯಲ್ಲಿ ಎಚ್.ಇ.ಪಿ.ಎಸ್. ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಹುಡುಗರ ಬಾಯಲ್ಲಿ ಅದು ಬರೀ "ಹೆಪ್ಸ್". ಉಳಿದವರಿಗೆ ಉಳಿದದ್ದು ಎಂಬ ಹಾಗೆ.

ನಮ್ಮ ಯಜಮಾನರ ಮಗಳೂ ಹೀಗೇ ಸೇರಿದವಳು. 2020ರ ಜೂನ್ ಕೊನೆಯಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಬ್ಯಾಚು ಅದು. ಆಗಸ್ಟಿನಲ್ಲಿ ಫಲಿತಾಂಶ. ಕೊರೋನಾ ಕಾಲ, ಕಾಲೇಜಿಗೆ ಬೀಗ, ಅಪ್ಪನ ಮೊಬೈಲಿನಲ್ಲಿ ಪಾಠ. ಅಂಗಡಿಯ ಹಿಂದುಗಡೆ ಅಕ್ಕಿ ಮೂಟೆಯ ಮೇಲೆ ಕೂತು ಮೊದಲ ಪಾಠ ಕೇಳಿದಳು. ವಿಷಯ: ರಾಜ್ಯ ಎಂದರೇನು?

ಐದು ವರ್ಷದ ಲೆಕ್ಕ

ಇಲ್ಲೊಂದು ತಮಾಷೆ ನೋಡಿ. ಮಗಳು ಪಿಯುಸಿಗೆ ಸೇರಿದ ಅದೇ ದಿನಗಳಲ್ಲಿ, 2020ರ ಸೆಪ್ಟೆಂಬರ್ ತಿಂಗಳಿನಲ್ಲಿ, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ಕಾರ್ಪೊರೇಟರುಗಳ ಅವಧಿ ಮುಗಿಯಿತು. 2015ರ ಆಗಸ್ಟಿನಲ್ಲಿ ಗೆದ್ದು ಬಂದವರು ಅವರು. ಐದು ವರ್ಷ ತುಂಬಿತು, ಮನೆಗೆ ಹೋದರು. ಅವರ ಜಾಗಕ್ಕೆ ಹೊಸಬರು ಬರಲಿಲ್ಲ. ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಬಂದು ಕೂತರು.

2020ರ ಡಿಸೆಂಬರಿನಲ್ಲಿ ಹೈಕೋರ್ಟು ಬೇಗ ಚುನಾವಣೆ ನಡೆಸಿ ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟಿನಲ್ಲಿ ತಡೆಯಾಜ್ಞೆ ಸಿಕ್ಕಿತು. ಅಷ್ಟರಲ್ಲಿ ವಾರ್ಡು ಹೆಚ್ಚಿಸುವ ಕಾಯಿದೆ ಬಂತು. 198 ಇದ್ದದ್ದು 2022ರಲ್ಲಿ 243 ಎಂದಾಯಿತು. 2023ರಲ್ಲಿ ಅಲ್ಲ, 225 ಎಂದಾಯಿತು. ಗೆರೆ ಎಳೆದರು, ಅಳಿಸಿದರು, ಮತ್ತೆ ಎಳೆದರು. ಸರ್ಕಾರಗಳು ಬದಲಾದವು, ಪಕ್ಷಗಳು ಬದಲಾದವು. ಪಾಲಿಕೆಗೆ ಮತಪೆಟ್ಟಿಗೆ ಮಾತ್ರ ಬರಲಿಲ್ಲ.

ಇತ್ತ ಮಗಳು 2022ರಲ್ಲಿ ದ್ವಿತೀಯ ಪಿಯುಸಿ ಪಾಸು ಮಾಡಿದಳು. ಬಿ.ಎ. ಸೇರಿದಳು. ಅದೂ ಹೊಸ ಶಿಕ್ಷಣ ನೀತಿಯ ಬ್ಯಾಚು. ನಾಲ್ಕು ವರ್ಷದ ಡಿಗ್ರಿ ಎಂದು 2021ರಲ್ಲಿ ಶುರು ಮಾಡಿದ್ದನ್ನು 2024ರಲ್ಲಿ ಹೊಸದಾಗಿ ಸೇರುವವರಿಗೆ ಮತ್ತೆ ಮೂರು ವರ್ಷ ಎಂದರು. ಅವಳು ಮೂರು ವರ್ಷಕ್ಕೇ ಡಿಗ್ರಿ ತಗೊಂಡು 2025ರಲ್ಲಿ ಹೊರಬಂದಳು.

ಪಿಯುಸಿ ಎರಡು, ಡಿಗ್ರಿ ಮೂರು, ಒಟ್ಟು ಐದು. ಒಬ್ಬ ಕಾರ್ಪೊರೇಟರಿನ ಪೂರ್ತಿ ಅವಧಿ. ಐದು ವರ್ಷ ಪೂರಾ ರಾಜ್ಯಶಾಸ್ತ್ರ ಓದಿದ ಹುಡುಗಿ ತನ್ನ ವಾರ್ಡಿನಲ್ಲಿ ಒಂದು ದಿನವೂ ಒಬ್ಬ ಚುನಾಯಿತ ಸದಸ್ಯನನ್ನು ನೋಡಲಿಲ್ಲ. ಪರೀಕ್ಷೆಯಲ್ಲಿ "ಸ್ಥಳೀಯ ಸ್ವಯಂ ಆಡಳಿತದ ಮಹತ್ವ ವಿವರಿಸಿ" ಎಂಬ ಪ್ರಶ್ನೆಗೆ ಪುಟಗಟ್ಟಲೆ ಬರೆದಳು. ಮನೆಗೆ ಬಂದರೆ ಮೋರಿ ಕಟ್ಟಿಕೊಂಡು ಅಂಗಡಿ ಮೆಟ್ಟಿಲ ಮೇಲೆ ನೀರು.

ಸಂವಿಧಾನದ ಹದಿನೇಳನೇ ಸಾಲು

ಡಿಗ್ರಿಯ ಕ್ಲಾಸಿನಲ್ಲಿ ಒಂದು ದಿನ ಸಂವಿಧಾನದ 12ನೇ ಅನುಸೂಚಿಯ ಪಾಠ. 74ನೇ ತಿದ್ದುಪಡಿಯಿಂದ ಬಂದದ್ದು, 1993ರ ಜೂನ್ 1ರಿಂದ ಜಾರಿಯಲ್ಲಿದೆ. ನಗರ ಪಾಲಿಕೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಅದರಲ್ಲಿದೆ. ರಸ್ತೆ, ಸೇತುವೆ, ನೀರು, ಕಸ, ಸ್ಮಶಾನ, ಉದ್ಯಾನ, ಜನನ ಮರಣದ ಲೆಕ್ಕ. ಹದಿನೇಳನೆಯದು ನಾಗರಿಕ ಸೌಕರ್ಯಗಳು: ಬೀದಿ ದೀಪ, ವಾಹನ ನಿಲುಗಡೆ, ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯ.

ಅಂದು ಸಂಜೆ ಅಂಗಡಿಯಲ್ಲಿ ಮಗಳು ಹೇಳಿದಳು: "ಅಪ್ಪಾ, ನಮ್ಮ ಬಸ್ ಸ್ಟಾಪು ಸಂವಿಧಾನದಲ್ಲಿದೆ ಗೊತ್ತಾ?"

"ಸುಮ್ನಿರು ಮಗಳೇ. ಸಂವಿಧಾನದಲ್ಲಿ ದೊಡ್ಡ ದೊಡ್ಡ ವಿಷ್ಯ ಇರ್ತದೆ."

"ಇದೆ ಅಪ್ಪಾ. ಪುಟ ತೋರಿಸ್ಲಾ?"

ಓದುಗರೇ, ನೀವೂ ಕೇಳಿಕೊಳ್ಳಿ. ಮಳೆಯಲ್ಲಿ ಸೂರಿಲ್ಲದ ಸ್ಟಾಪಿನಲ್ಲಿ ಬಸ್ಸಿಗೆ ಕಾಯುವಾಗ ಇದು ದೇಶದ ಸಂವಿಧಾನದಲ್ಲಿ ಬರೆದಿರುವ ವಿಷಯ ಎಂದು ಎಷ್ಟು ಜನಕ್ಕೆ ಹೊಳೆದಿದೆ?

ಅದೇ ತಿದ್ದುಪಡಿಯಲ್ಲಿ 243-ಯು ಎಂಬ ಒಂದು ವಿಧಿ ಇದೆ. ಪಾಲಿಕೆಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ನಡೆಯಬೇಕು. ಅಹಮದಾಬಾದ್ ಪಾಲಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರಲ್ಲೇ ಇದನ್ನು ಒತ್ತಿ ಹೇಳಿತು. ಹೊತ್ತಿಗೆ ಸರಿಯಾಗಿ ಚುನಾವಣೆ ನಡೆಸುವುದು ಚುನಾವಣಾ ಆಯೋಗದ ಕರ್ತವ್ಯ ಎಂದಿತು.

ಬೆಂಗಳೂರಿಗೆ ಇದೇನೂ ಹೊಸ ರೋಗ ಅಲ್ಲ. 2006ರ ನವೆಂಬರಿನಲ್ಲಿ ಹಳೇ ಮಹಾನಗರ ಪಾಲಿಕೆಯ ಅವಧಿ ಮುಗಿದಿತ್ತು. 2007ರಲ್ಲಿ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ ಮುಂತಾದ ಏಳು ನಗರಸಭೆ, ಕೆಂಗೇರಿ ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿ ಸೇರಿಸಿ ಬೃಹತ್ ಪಾಲಿಕೆ ಮಾಡಿದರು. ಚುನಾವಣೆ ಆದದ್ದು 2010ರ ಮಾರ್ಚಿನಲ್ಲಿ. ಆಗಲೂ ಮೂರು ವರ್ಷಕ್ಕೆ ಮೇಲ್ಪಟ್ಟು ಖಾಲಿ ಕುರ್ಚಿ.

ಯಲಹಂಕದ ಹಿರಿಯರಿಗೆ ತಮ್ಮೂರಿಗೇ ಒಂದು ನಗರಸಭೆ ಇದ್ದದ್ದು ಇನ್ನೂ ನೆನಪಿದೆ. ಬೆಂಗಳೂರು ಕಟ್ಟಿದ ಕೆಂಪೇಗೌಡರು ಯಲಹಂಕ ನಾಡಪ್ರಭು. ಊರು ಕೊಟ್ಟವರ ಊರಿಗೇ ಕಡೆಗೆ ತನ್ನದೇ ಸಭೆ ಇಲ್ಲ ಎಂದು ಹಳಬರು ನಿಟ್ಟುಸಿರು ಬಿಡುವುದುಂಟು.

ಯಾವ ಬಾಗಿಲು ತಟ್ಟಬೇಕು?

ಅಂಗಡಿ ಮುಂದಿನ ಮೋರಿ ಯಾರದು? ನಲ್ಲಿ ಯಾರದು? ಕರೆಂಟು ಯಾರದು? ಬಸ್ಸು ಯಾರದು? ಎಲ್ಲವೂ "ಗೌರ್ಮೆಂಟು" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನಮ್ಮ ರೂಢಿ. ಮಗಳ ನೋಟ್ ಬುಕ್ಕಿನಲ್ಲಿ ಇದು ಬೇರೆ ಬೇರೆ ಖಾನೆ.

ನೀರು ಮತ್ತು ಒಳಚರಂಡಿ ಜಲಮಂಡಳಿಯದು, ಅದು 1964ರಲ್ಲಿ ಹುಟ್ಟಿದ್ದು. ಬಡಾವಣೆ ಮಾಡಿ ಸೈಟು ಹಂಚುವುದು ಬಿ.ಡಿ.ಎ., 1976ರದು. ಬಸ್ಸು ಬಿ.ಎಂ.ಟಿ.ಸಿ., 1997ರಲ್ಲಿ ಬೇರೆಯಾದದ್ದು. ಕರೆಂಟು ಬೆಸ್ಕಾಂ, 2002ರದು. ಇವೆಲ್ಲ ರಾಜ್ಯ ಸರ್ಕಾರದ ಕೈಕೆಳಗೆ. ಕಾರ್ಪೊರೇಟರಿಗೆ ಉಳಿಯುವುದು ರಸ್ತೆ ಬದಿಯ ಮೋರಿ, ಕಸ, ಬೀದಿ ದೀಪ, ವಾರ್ಡಿನ ರಸ್ತೆ, ಪಾರ್ಕು. ಅಂಗಡಿಯ ಟ್ರೇಡ್ ಲೈಸೆನ್ಸು, ಕಟ್ಟಡದ ಕಂದಾಯ ಕೂಡ ಪಾಲಿಕೆಯದೇ.

"ಹಾಗಾದ್ರೆ ಕಾರ್ಪೊರೇಟರ್ ಇದ್ದಿದ್ರೂ ಎಲ್ಲಾ ಅವನ ಕೈಲಿ ಇರ್ತಿರಲಿಲ್ಲ ಅನ್ನು," ಎಂದರು ಅಪ್ಪ.

"ಇರ್ತಿರಲಿಲ್ಲ ಅಪ್ಪಾ. ಆದರೆ ಕೇಳೋಕೆ ಒಂದು ಬಾಗಿಲು ಇರ್ತಿತ್ತು. ಆಫೀಸರನ್ನ ಓಟು ಹಾಕಿ ಇಳಿಸೋಕಾಗಲ್ಲ, ಕಾರ್ಪೊರೇಟರನ್ನ ಇಳಿಸಬಹುದು. ಅಷ್ಟೇ ವ್ಯತ್ಯಾಸ."

ಅಷ್ಟೇ ವ್ಯತ್ಯಾಸ ನಿಜ, ಆದರೆ ಅದು ಸಣ್ಣ ವ್ಯತ್ಯಾಸ ಅಲ್ಲ. 2021ರ ನವೆಂಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ಕೆರೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಹೊರಗೆ ತಂದರು. 2024ರ ಅಕ್ಟೋಬರಿನಲ್ಲಿ ಮತ್ತೆ ಅದೇ ಜಾಗ, ಅದೇ ನೀರು. ಎರಡು ಸಲವೂ ಈ ಭಾಗದ ಜನರ ಪರವಾಗಿ ಪಾಲಿಕೆಯ ಸಭೆಯಲ್ಲಿ ಎದ್ದು ನಿಂತು ಕೇಳುವವರು ಇರಲಿಲ್ಲ. ಕಾರಣ, ಸಭೆಯೇ ಇರಲಿಲ್ಲ. ಕಾರ್ಪೊರೇಟರ್ ಇದ್ದಿದ್ದರೆ ನೀರು ಬರುತ್ತಿರಲಿಲ್ಲ ಎಂದಲ್ಲ. ಬಂದ ಮೇಲೆ ಜನ ಯಾರ ಮನೆ ಮುಂದೆ ನಿಲ್ಲಬೇಕು ಎಂಬುದಾದರೂ ಗೊತ್ತಿರುತ್ತಿತ್ತು.

ಪಾಠದಲ್ಲಿ ನಮ್ಮದೇ ಹೆಸರು

ರಾಜ್ಯಶಾಸ್ತ್ರ ಅಂದರೆ ಗ್ರೀಸ್ ದೇಶದ ಪ್ಲೇಟೋ, ಅರಿಸ್ಟಾಟಲ್ ಅಷ್ಟೇ ಎಂದು ತಿಳಿದವರುಂಟು. ಅವರೂ ಇದ್ದಾರೆ. ಅರಿಸ್ಟಾಟಲ್ ತನ್ನ ಶಿಷ್ಯರನ್ನು ಕಟ್ಟಿಕೊಂಡು 158 ಊರುಗಳ ಆಡಳಿತ ಹೇಗೆ ನಡೆಯುತ್ತದೆ ಎಂದು ವಿವರ ಕಲೆಹಾಕಿದ ಎನ್ನುತ್ತಾರೆ. ಅಂದರೆ ಈ ಶಾಸ್ತ್ರದ ಮೂಲಪುರುಷ ಮಾಡಿದ್ದೂ ಊರೂರಿನ ವಿಚಾರಣೆಯೇ!

ಆದರೆ ದೇಶದ ಯಾವ ಮೂಲೆಯಲ್ಲಿ ರಾಜ್ಯಶಾಸ್ತ್ರ ಓದಿದರೂ ಕರ್ನಾಟಕದ ಹೆಸರು ಬಂದೇ ಬರುತ್ತದೆ. ಇದು ನಮ್ಮವರಿಗೇ ಗೊತ್ತಿಲ್ಲ.

1881ರಲ್ಲಿ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. ಮೊದಲ ಸಭೆಗೆ 144 ಜನ. ಜಮೀನುದಾರರ ಜೊತೆಗೆ ವ್ಯಾಪಾರಸ್ಥರಿಗೂ ಕರೆ ಹೋಗಿತ್ತು. ಅಂಗಡಿಯವರು ಇದನ್ನು ಗಮನಿಸಬೇಕು! ಕಾಂಗ್ರೆಸ್ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲೇ ಈ ನಾಡಿನಲ್ಲಿ ಜನ ದಿವಾನರ ಎದುರು ಕೂತು ಅಹವಾಲು ಹೇಳಿಕೊಂಡರು. ಅಧಿಕಾರ ಏನೂ ಇರಲಿಲ್ಲ, ಹೇಳಿಕೊಳ್ಳುವ ಹಕ್ಕಷ್ಟೇ ಇತ್ತು. ಅದೇ ಆಗ ದೊಡ್ಡದು.

ಆಮೇಲೆ ಪಂಚಾಯತ್ ರಾಜ್. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಮಂತ್ರಿ. ಊರೂರಿಗೆ ಬೋರ್‌ವೆಲ್ ತೋಡಿಸಿದ್ದರಿಂದ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. 1983ರ ಕಾಯಿದೆ, 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಚುನಾವಣೆ. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲು. ದೇಶಕ್ಕೆಲ್ಲ 73ನೇ ತಿದ್ದುಪಡಿ ಬಂದದ್ದು ಅದಾದ ಆರು ವರ್ಷಕ್ಕೆ, 1993ರಲ್ಲಿ.

ಮೂರನೆಯದು ಬೊಮ್ಮಾಯಿ ಮೊಕದ್ದಮೆ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದರು. ನಮಗೆ ಬಹುಮತ ಇದೆ, ಸದನದಲ್ಲಿ ತೋರಿಸುತ್ತೇವೆ ಎಂದರೂ ರಾಜ್ಯಪಾಲರು ಕೇಳಲಿಲ್ಲ. ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ತೀರ್ಮಾನವಾಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ಇವತ್ತಿಗೂ ದೇಶದಲ್ಲಿ ಎಲ್ಲಿ ಸರ್ಕಾರ ಅಲುಗಾಡಿದರೂ ಮೊದಲು ಎತ್ತುವ ಹೆಸರು ಬೊಮ್ಮಾಯಿಯದು.

ಇಷ್ಟೆಲ್ಲ ದಾರಿ ತೋರಿಸಿದ ನಾಡು ಇದು. ಆ ನಾಡಿನಲ್ಲೇ 2016ರಲ್ಲಿ ಗೆದ್ದ ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿ ಸದಸ್ಯರ ಅವಧಿ 2021ರಲ್ಲಿ ಮುಗಿದರೂ ಹೊತ್ತಿಗೆ ಚುನಾವಣೆ ಆಗಲಿಲ್ಲ. ಪಟ್ಟಣದ ಗತಿಯೇ ಹಳ್ಳಿಗೂ ಬಂತು. ಮೇಷ್ಟರು ಈ ಪಾಠ ಮಾಡುವಾಗ ತಲೆ ತಗ್ಗಿಸಿಕೊಳ್ಳದೆ ಇನ್ನೇನು ಮಾಡಿಯಾರು?

ಒಂದೇ ಬಸ್ಸು, ಮೂರು ಕ್ಷೇತ್ರ

ರಾಜ್ಯಶಾಸ್ತ್ರ ಓದಿದವರಿಗೆ ಬಸ್ ಪ್ರಯಾಣವೂ ಒಂದು ಪಾಠ. ಯಲಹಂಕದಲ್ಲಿ ಬಸ್ಸು ಹತ್ತುವಾಗ ನೀವು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿರುತ್ತೀರಿ. 2008ರ ಕ್ಷೇತ್ರ ವಿಂಗಡಣೆಯಲ್ಲಿ ಯಲಹಂಕ ವಿಧಾನಸಭಾ ಕ್ಷೇತ್ರವನ್ನು ಆ ಕಡೆ ಸೇರಿಸಿದರು. ಬಾಗೇಪಲ್ಲಿ, ಗೌರಿಬಿದನೂರು, ಯಲಹಂಕ ಮೂರಕ್ಕೂ ಒಬ್ಬರೇ ಎಂ.ಪಿ.! ಹೆಬ್ಬಾಳಕ್ಕೆ ಬರುವ ಹೊತ್ತಿಗೆ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರ. ಯಶವಂತಪುರದ ಮಾರ್ಕೆಟ್ಟಿನಲ್ಲಿ ಇಳಿದರೆ ಇನ್ನೊಂದು ತಮಾಷೆ. ಯಶವಂತಪುರ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರ ಒಂದಿದೆ, ಆದರೆ ಯಶವಂತಪುರ ವಾರ್ಡನ್ನು ಆ ವಿಂಗಡಣೆಯಲ್ಲಿ ಸೇರಿಸಿದ್ದು ರಾಜರಾಜೇಶ್ವರಿನಗರ ಕ್ಷೇತ್ರಕ್ಕೆ.

ನಮ್ಮ ಯಜಮಾನರಿಗೆ ಇದು ತಿಳಿದದ್ದು 2024ರ ಏಪ್ರಿಲ್ 26ರಂದು, ಮಗಳ ಜೊತೆ ಲೋಕಸಭೆಗೆ ಓಟು ಹಾಕಲು ಹೋದಾಗ. ಅಷ್ಟು ವರ್ಷ ಓಟು ಹಾಕಿದ್ದರೂ ತಮ್ಮ ಎಂ.ಪಿ. ಬೆಂಗಳೂರಿನವರು ಎಂದೇ ತಿಳಿದಿದ್ದರು. "ಇಷ್ಟು ದಿನ ಯಾರ್ ಯಾರನ್ನೋ ಬೈತಾ ಇದ್ನಲ್ಲ ಮಗಳೇ!" ಎಂದು ದಾರಿಯುದ್ದಕ್ಕೂ ನಕ್ಕರು.

ಮಗಳು ಅದಕ್ಕೆ ಒಂದು ವರ್ಷ ಮುಂಚೆ, 2023ರ ಮೇ 10ರಂದು, ವಿಧಾನಸಭೆಗೆ ಮೊದಲ ಓಟು ಹಾಕಿದ್ದಳು. ದೆಹಲಿಗೆ ಒಂದು ಓಟು, ವಿಧಾನಸೌಧಕ್ಕೆ ಒಂದು ಓಟು. ಮನೆ ಮುಂದಿನ ಮೋರಿಗೆ ಓಟಿಲ್ಲ!

ಜ್ಞಾನಭಾರತಿಗೆ ದಾರಿ

ಬಿ.ಎ. ಮುಗಿದ ಮೇಲೆ ಮುಂದೇನು? ಮಗಳಿಗೆ ಎಂ.ಎ. ಮಾಡುವ ಆಸೆ. ಅಪ್ಪನಿಗೆ ಲೆಕ್ಕಾಚಾರ.

ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಶುರುವಾಯಿತು. 1973ರಿಂದ ಮೈಸೂರು ರಸ್ತೆ ಕಡೆಯ ಜ್ಞಾನಭಾರತಿ ಆವರಣ. 2017ರ ಹೊತ್ತಿಗೆ ಅದೇ ವಿಶ್ವವಿದ್ಯಾಲಯ ಮೂರು ಪಾಲಾಯಿತು. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಅಂತಲೂ ಒಂದು ಬಂತು. ಹೆಸರು ಕೇಳಿ ಯಲಹಂಕದ ಪಕ್ಕ ಇರಬೇಕೆಂದು ಹುಡುಕಿಕೊಂಡು ಹೊರಟರೆ ಸಿಗದು. ಅದರ ಕೇಂದ್ರ ಕೋಲಾರದ ಟಮಕದಲ್ಲಿ!

ಯಲಹಂಕದಿಂದ ಜ್ಞಾನಭಾರತಿ ಅಂದರೆ ಊರಿನ ಈ ತುದಿಯಿಂದ ಆ ತುದಿ. ಯಶವಂತಪುರದ ತನಕ ಬಸ್ಸು, ಅಲ್ಲಿಂದ ಹಸಿರು ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ನೇರಳೆ ಮೆಟ್ರೋ. 2021ರ ಆಗಸ್ಟಿನಿಂದ ಜ್ಞಾನಭಾರತಿ ಹೆಸರಿನ ಸ್ಟೇಷನ್ನೇ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಮೆಟ್ರೋಗೆ ಮಾತ್ರ ದುಡ್ಡು. ಎಷ್ಟೋ ಮನೆಯಲ್ಲಿ ಹೆಣ್ಣುಮಕ್ಕಳ ಓದು ಮುಂದುವರಿಯಬೇಕೋ ನಿಲ್ಲಬೇಕೋ ಎಂಬುದು ಈ ದಾರಿ ಖರ್ಚಿನ ಮೇಲೇ ನಿಂತಿರುತ್ತದೆ. ಸೀರೆ ಅಂಗಡಿಯಲ್ಲೋ ಮಾಲ್‌ನಲ್ಲೋ ಕೆಲಸ ಮಾಡಿಕೊಂಡೇ ಓದುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವೂ ಉಂಟು.

ಇನ್ನು ಕೆಲಸದ ಮಾತು. ಇಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ. ರಾಜ್ಯಶಾಸ್ತ್ರ ಓದಿದ ಮರುದಿನ ಕೈ ಬೀಸಿ ಕರೆಯುವ ಕಂಪನಿ ಇಲ್ಲ. ಕಾಲೇಜಿನಲ್ಲಿ ಪಾಠ ಹೇಳಬೇಕೆಂದರೆ ಎಂ.ಎ.ಯಲ್ಲಿ ನೂರಕ್ಕೆ 55 ಬರಬೇಕು, ಮೀಸಲು ವರ್ಗಕ್ಕೆ 50. ಮೇಲೆ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು. ಪಾಸಾದ ಮೇಲೂ ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿಯೇ ಉಳಿದವರು ಬಹಳ. ಮೂರು ವರ್ಷದ ಕಾನೂನು ಪದವಿ ಮಾಡಿದರೆ ವಕೀಲರಾಗಬಹುದು. ಬಿ.ಎಡ್. ಮಾಡಿದರೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ. ಐ.ಎ.ಎಸ್. ಕನಸಿನವರಿಗೆ ಇದು ಒಳ್ಳೆಯ ತಳಪಾಯ. ಮುಖ್ಯ ಪರೀಕ್ಷೆಯಲ್ಲಿ ಐಚ್ಛಿಕ ವಿಷಯವಾಗಿ ತಗೊಂಡರೆ ಎರಡು ಪೇಪರಿಗೆ 500 ಅಂಕ. ಅದಲ್ಲದೆ ಎಲ್ಲರೂ ಬರೆಯಬೇಕಾದ ಸಾಮಾನ್ಯ ಅಧ್ಯಯನದ ಎರಡನೇ ಪೇಪರು, 250 ಅಂಕದ್ದು, ಹೆಚ್ಚುಪಾಲು ಸಂವಿಧಾನ ಮತ್ತು ಆಡಳಿತವೇ. ಆದರೆ ಆ ಪರೀಕ್ಷೆಗೆ ಕೂತವರ ಪೈಕಿ ತೇರ್ಗಡೆಯಾಗುವವರು ಎಷ್ಟು ಕಡಿಮೆ ಎಂಬುದು ಎಲ್ಲರಿಗೂ ಗೊತ್ತು.

ಹೀಗೆ ಗಲ್ಲಾಪೆಟ್ಟಿಗೆ ಮುಂದೆ ಕೂತು ಲೆಕ್ಕ ಹಾಕಿದರೆ ಅಪ್ಪನ ಮನಸ್ಸು ಹಿಂದೆ ಮುಂದೆ ಆಡಿದ್ದು ತಪ್ಪಲ್ಲ.

ಹತ್ತು ರೂಪಾಯಿಯ ಕಾಗದ

ಅವರ ಮನಸ್ಸು ತಿರುಗಿದ್ದು ಒಂದು ಮೋರಿಯಿಂದ. ಮಳೆಗಾಲದಲ್ಲಿ ಅಂಗಡಿ ಮುಂದಿನ ಮೋರಿ ಕಟ್ಟಿಕೊಂಡು ಎರಡು ಮೂಟೆ ಸಕ್ಕರೆ ನೀರು ಪಾಲಾಯಿತು. ಯಜಮಾನರು ಮಾಡಬೇಕಾದ್ದೆಲ್ಲ ಮಾಡಿದರು. ಹಳೇ ಕಾರ್ಪೊರೇಟರ್ ಮನೆಗೆ ಹೋದರು. "ನಮ್ದು ಅವಧಿ ಮುಗೀತು ಯಜಮಾನ್ರೆ" ಎಂದರು. ಇನ್ನೊಬ್ಬರನ್ನು ಕಂಡರು. ಅವರು ಮತ್ತೊಬ್ಬರ ಹೆಸರು ಹೇಳಿದರು. ಮೂರು ದಿನ ಅಂಗಡಿ ಬಿಟ್ಟು ಓಡಾಡಿದ್ದಾಯಿತು.

ನಾಲ್ಕನೇ ದಿನ ಮಗಳು ಒಂದು ಬಿಳಿ ಹಾಳೆ ತೆಗೆದಳು. 2005ರ ಮಾಹಿತಿ ಹಕ್ಕು ಕಾಯಿದೆ. ಫೀಸು ಹತ್ತು ರೂಪಾಯಿ. ಉತ್ತರಕ್ಕೆ ಗಡುವು ಮೂವತ್ತು ದಿನ. ಜಗಳದ ಮಾತು ಒಂದೂ ಬರೆಯಲಿಲ್ಲ. ಕೇಳಿದ್ದು ಮೂರೇ ಪ್ರಶ್ನೆ. ಈ ಮೋರಿಯ ಹೂಳು ಕಡೆಯ ಸಲ ತೆಗೆಸಿದ್ದು ಯಾವಾಗ? ಬಿಲ್ಲು ಎಷ್ಟಾಯಿತು? ಜವಾಬ್ದಾರಿ ಯಾವ ಇಂಜಿನಿಯರದು?

"ಇಷ್ಟೇನಾ?" ಎಂದರು ಅಪ್ಪ.

"ಇಷ್ಟೇ ಅಪ್ಪಾ. ನೀನು ಕಷ್ಟ ಹೇಳ್ಕೊಂಡೆ, ಅವರು ಕೇಳಿಸ್ಕೊಂಡು ಕಳಿಸಿದ್ರು. ಇದು ಲೆಕ್ಕ ಕೇಳೋದು. ಲೆಕ್ಕ ಕೇಳಿದ್ರೆ ಉತ್ತರ ಬರೀಲೇಬೇಕು."

ಉದ್ದರಿ ಪುಸ್ತಕ ಬರೆದು ಬರೆದು ಕೂದಲು ಬೆಳ್ಳಗಾದ ಅಂಗಡಿಯವರಿಗೆ ಈ ಮಾತು ಒಡನೆ ಹಿಡಿಸಿತು. ಬಾಯಿ ಮಾತಿಗೂ ಬರಹದ ಲೆಕ್ಕಕ್ಕೂ ಇರುವ ವ್ಯತ್ಯಾಸ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಾಗದ ಹೋಯಿತು. ಉತ್ತರ ಬರುವ ಮೊದಲೇ ಒಂದು ದಿನ ಮೂರು ಜನ ಬಂದು ಮೋರಿಯ ಚಪ್ಪಡಿ ಎತ್ತಿದರು. ಹಾಗಂತ ಊರಿನ ಮೋರಿಗಳೆಲ್ಲ ಸರಿಹೋದವು ಎಂದಲ್ಲ. ಮುಂದಿನ ಬೀದಿಯದು ಕಟ್ಟಿಕೊಂಡೇ ಇತ್ತು. ಒಂದೊಂದು ಮೋರಿಗೂ ಒಂದೊಂದು ಹುಡುಗಿ ಅರ್ಜಿ ಬರೆಯುತ್ತಾ ಕೂರಬೇಕೆಂದರೆ ಅದು ಆಡಳಿತವೂ ಅಲ್ಲ. ವಾರ್ಡಿಗೊಬ್ಬ ಸದಸ್ಯ ಇರಬೇಕೆಂದು ಸಂವಿಧಾನ ಹೇಳಿದ್ದು ಅದಕ್ಕೇ.

ಹೊಸ ಬೋರ್ಡು, ಹಳೇ ಪ್ರಶ್ನೆ

2025ರ ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ ಜಾರಿಗೆ ಬಂತು. ಸೆಪ್ಟೆಂಬರ್ 2ರಂದು ಬೃಹತ್ ಪಾಲಿಕೆ ಹೋಗಿ ಐದು ನಗರ ಪಾಲಿಕೆ ಆಯಿತು. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಕೇಂದ್ರ. ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಒಂದು ಪ್ರಾಧಿಕಾರ. ಯಲಹಂಕ, ಹೆಬ್ಬಾಳದ ಕಡೆ ಜನ ಬೆಂಗಳೂರು ಉತ್ತರ ನಗರ ಪಾಲಿಕೆಯ ಲೆಕ್ಕಕ್ಕೆ ಬಂದರು. ಐದರಿಂದ ಒಟ್ಟು 369 ವಾರ್ಡು ಎಂದು ಅದೇ ವರ್ಷ ಗೆರೆ ಎಳೆದರು, ಅದರಲ್ಲಿ ಉತ್ತರಕ್ಕೆ 72. ಬೋರ್ಡು ಬದಲಾದ ಆ ದಿನ ಐದರಲ್ಲಿ ಒಂದು ಪಾಲಿಕೆಯಲ್ಲೂ ಒಬ್ಬ ಚುನಾಯಿತ ಸದಸ್ಯ ಇರಲಿಲ್ಲ.

ಮಗಳು ಎಂ.ಎ. ಅರ್ಜಿ ತುಂಬಿದ್ದೂ ಅದೇ ವರ್ಷ. ಅರ್ಜಿಯ ಫೀಸನ್ನು ಅಪ್ಪ ಗಲ್ಲಾದಿಂದ ತೆಗೆದು ಕೊಟ್ಟರು. ಎಣಿಸಿಯೇ ಕೊಟ್ಟರು, ಅಂಗಡಿಯವರಲ್ಲವೇ! ಆದರೆ "ಇದ್ರಿಂದ ಏನ್ ಉಪಯೋಗ" ಎಂದು ಕೇಳಲಿಲ್ಲ.

ಡಾಕ್ಟರು ಊರಿಗೊಬ್ಬರು ಸಾಕು, ಇಂಜಿನಿಯರು ಬೀದಿಗೊಬ್ಬರು ಸಾಕು. ಅಧಿಕಾರದ ತಕ್ಕಡಿ ನೋಡುವವರು ಮಾತ್ರ ಮನೆಗೊಬ್ಬರು ಬೇಕು. ಅದಕ್ಕೆ ಎಲ್ಲರೂ ಎಂ.ಎ. ಮಾಡಬೇಕಿಲ್ಲ. ಮಕ್ಕಳ ರಾಜ್ಯಶಾಸ್ತ್ರದ ಪುಸ್ತಕ ಅಟ್ಟದ ಮೇಲಿದ್ದರೆ ಇಳಿಸಿ, ಒಂದು ಸಂಜೆ ಹತ್ತು ಪುಟ ತಿರುಗಿಸಿದರೂ ನಷ್ಟವಿಲ್ಲ.

ಈಗಲೂ ಬೆಳಿಗ್ಗೆ ಗಿರಾಕಿಗಳು ಕೇಳುವುದು ಬಿಟ್ಟಿಲ್ಲ.

"ಮಗಳು ಏನ್ ಓದ್ತಾ ಇದಾಳೆ ಯಜಮಾನ್ರೆ?"

"ರಾಜ್ಯಶಾಸ್ತ್ರ."

"ಓಹೋ, ಎಲೆಕ್ಷನ್‌ಗೆ..."

ಯಜಮಾನರು ಮಾತು ಮುಗಿಸಲು ಬಿಡುವುದಿಲ್ಲ. ಚಿಲ್ಲರೆ ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಾರೆ: "ಅದಿರಲಿ ಸ್ವಾಮಿ, ನಿಮ್ಮ ವಾರ್ಡು ಯಾವುದು? ನಿಮ್ಮ ಎಂ.ಪಿ. ಯಾರು? ಹೇಳಿ ನೋಡೋಣ!"

ಹೆಚ್ಚಿನವರಿಗೆ ಆಗ ಬಸ್ಸಿಗೆ ಹೊತ್ತಾದದ್ದು ನೆನಪಾಗುತ್ತದೆ.